ಆರು ಎಳೆಯ ಕಸೂತಿ ದಾರವನ್ನು ಬಳಸುವ ಬಗೆ

ಕೈಕಸೂತಿಯನ್ನು ಹೊಸದಾಗಿ ಕಲಿಯುವವರು ಹೊಲಿಗೆ ಒರಟಾಗಿ ಕಂಡಾಗ ತಮ್ಮ ಕೈಯನ್ನೇ ದೂರಿಕೊಳ್ಳುತ್ತಾರೆ. ಆದರೆ ಬಹಳಷ್ಟು ಸಲ ತಪ್ಪು ನಡೆದಿರುವುದು ಸೂಜಿ ಬಟ್ಟೆಯನ್ನು ಮುಟ್ಟುವ ಮೊದಲೇ, ಲಡಿಯಿಂದ ದಾರವನ್ನು ಕತ್ತರಿಸಿ ಎಳೆ ಬಿಡಿಸುವ ಹಂತದಲ್ಲಿ.

ಸಾಮಾನ್ಯವಾಗಿ ಸಿಗುವ ಹತ್ತಿಯ ಕಸೂತಿ ದಾರದ ಲಡಿಯಲ್ಲಿ ಸುಮಾರು 8 ಮೀಟರ್ ದಾರವಿದ್ದು, ಅದು ಸಡಿಲವಾಗಿ ಹುರಿಗೊಂಡ 6 ಎಳೆಗಳಿಂದ ಕೂಡಿರುತ್ತದೆ. ಅದರಿಂದ 45 ಸೆಂಟಿಮೀಟರ್‌ನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಮೊಳದಷ್ಟು, ತುಂಡನ್ನು ಕತ್ತರಿಸಿಕೊಂಡರೆ ಸಾಕು. ಪದೇ ಪದೇ ಪೋಣಿಸುವ ಬೇಸರಕ್ಕೆ ಉದ್ದನೆಯ ದಾರ ತೆಗೆದುಕೊಂಡರೆ, ಪ್ರತಿ ಹೊಲಿಗೆಗೂ ಅದು ಬಟ್ಟೆಯ ರಂಧ್ರದಲ್ಲಿ ಉಜ್ಜಿ ಹೊಳಪು ಕಳೆದುಕೊಳ್ಳುತ್ತದೆ, ನಾರೆದ್ದು ಒರಟಾಗುತ್ತದೆ, ಕೊನೆಗೆ ಗಂಟಾಗಿ ಉಳಿಸಿದ ಸಮಯವನ್ನೆಲ್ಲ ವಸೂಲು ಮಾಡುತ್ತದೆ.

ಎರಡು ಎಳೆ ಬೇಕೆಂದು ಎರಡನ್ನೂ ಒಟ್ಟಿಗೆ ಎಳೆಯಬಾರದು. ಹಾಗೆಳೆದರೆ ಉಳಿದವು ಸುತ್ತಿಕೊಂಡು ಗೋಜಲಾಗುತ್ತವೆ. ತುಂಡಿನ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿದು, ಒಂದೇ ಒಂದು ಎಳೆಯನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ಮಿಕ್ಕ ಐದೂ ಬೆರಳ ಕೆಳಗೆ ಮುದ್ದೆಯಾದರೂ, ಆ ಎಳೆ ಹೊರಬಂದ ಕೂಡಲೇ ತಾವಾಗಿಯೇ ನೆಟ್ಟಗಾಗುತ್ತವೆ. ಮೊದಲ ಸಲ ನೋಡುವವರಿಗೆ ಇದು ಕಣ್ಕಟ್ಟಿನಂತೆ ತೋರುತ್ತದೆ. ಬೇಕಾದಷ್ಟು ಎಳೆಗಳನ್ನು ಹೀಗೆ ಒಂದೊಂದಾಗಿ ತೆಗೆದು ಮತ್ತೆ ಜೋಡಿಸಿಕೊಳ್ಳಬೇಕು. ಆರೂ ಎಳೆಗಳನ್ನು ಬಳಸುವಾಗಲೂ ಬಿಡಿಸಿಯೇ ಕೂಡಿಸುವುದು ಲೇಸು, ಏಕೆಂದರೆ ಹುರಿ ಬಿಚ್ಚಿದ ಎಳೆಗಳು ಅಕ್ಕಪಕ್ಕದಲ್ಲಿ ಚಪ್ಪಟೆಯಾಗಿ ಕುಳಿತು ಬಟ್ಟೆಯನ್ನು ಚೆನ್ನಾಗಿ ಮುಚ್ಚುತ್ತವೆ ಮತ್ತು ಬೆಳಕನ್ನು ಸಮನಾಗಿ ಹಿಂದಿರುಗಿಸುತ್ತವೆ. ಉದ್ದನೆಯ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಿ ಜಾಗ ತುಂಬುವ ಸ್ಯಾಟಿನ್ ಹೊಲಿಗೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಸೂಜಿಯ ಅಳತೆಯನ್ನು ಸೂಚಿಸುವ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ. ದಾರ ಸರಾಗವಾಗಿ ಹಾಯುವಷ್ಟು ರಂಧ್ರವನ್ನು ಸೂಜಿಯೇ ಮಾಡಿಕೊಡಬೇಕು; ಪ್ರತಿ ಸಲವೂ ಜಗ್ಗಬೇಕಾಗಿ ಬಂದರೆ ಸೂಜಿ ತೀರ ಸಣ್ಣದೆಂದೇ ಅರ್ಥ.

ಆರಂಭದ ಗಂಟು ಹಿಮ್ಮಗ್ಗುಲಲ್ಲಿ ಉಬ್ಬಾಗಿ ಉಳಿಯುವುದರಿಂದ ಅದನ್ನು ತಪ್ಪಿಸುವುದೇ ಒಳ್ಳೆಯದು. ಎರಡು ಎಳೆಯ ಕೆಲಸಕ್ಕೆ 90 ಸೆಂಟಿಮೀಟರ್‌ನ ಒಂದೇ ಎಳೆಯನ್ನು ಅರ್ಧಕ್ಕೆ ಮಡಚಿ, ಎರಡೂ ತುದಿಗಳನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಹಿಂದಿನಿಂದ ಮೇಲಕ್ಕೆ ಬಂದು ಮತ್ತೆ ಕೆಳಗಿಳಿಯುವಾಗ ಸೂಜಿಯನ್ನು ಹಿಂದೆ ಉಳಿದ ಕುಣಿಕೆಯೊಳಗೆ ತೂರಿಸಿ ಎಳೆದರೆ ದಾರ ಗಂಟಿಲ್ಲದೆ ಭದ್ರವಾಗುತ್ತದೆ. ಬಣ್ಣ ಬದಲಾಗುತ್ತಾ ಹೋಗುವ ದಾರಕ್ಕೆ ಈ ಉಪಾಯ ಹೊಂದುವುದಿಲ್ಲ, ಏಕೆಂದರೆ ಮಡಚಿದಾಗ ಬೇರೆ ಬೇರೆ ಛಾಯೆಗಳು ಪಕ್ಕಪಕ್ಕಕ್ಕೆ ಬಂದುಬಿಡುತ್ತವೆ. ಮುಗಿಸುವಾಗ ಹಿಂಭಾಗದ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ದಾರವನ್ನು ನುಸುಳಿಸಿ ಕತ್ತರಿಸಿದರೆ ಸಾಕು.

ಹೊಲಿಯುತ್ತಾ ಹೋದಂತೆ ಬೆರಳುಗಳ ನಡುವೆ ಸೂಜಿ ನಮಗರಿವಿಲ್ಲದೆ ಸುತ್ತುವುದರಿಂದ ದಾರಕ್ಕೆ ಹೆಚ್ಚಿನ ಹುರಿ ಏರುತ್ತದೆ. ಹತ್ತಾರು ಹೊಲಿಗೆಗಳಿಗೊಮ್ಮೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ಕೆಳಗೆ ತೂಗಬಿಟ್ಟರೆ ಅದು ತಾನೇ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಜರಿಯಂತಹ ಲೋಹದ ದಾರಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದನ್ನು 30 ಸೆಂಟಿಮೀಟರ್‌ಗಿಂತ ಉದ್ದ ಕತ್ತರಿಸದಿರುವುದು ಮೇಲು.

ಕಡುಗೆಂಪು, ಕಡುನೀಲಿ ದಾರಗಳನ್ನು ಬಿಳಿ ಬಟ್ಟೆಯ ಮೇಲೆ ಹಾಕುವ ಮುನ್ನ, ಒಂದು ತುಂಡನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಒತ್ತಿಟ್ಟು ಬಣ್ಣ ಬಿಡುವುದೋ ಎಂದು ನೋಡಬೇಕು. ಹೊಲಿದು ಮುಗಿದ ಬಟ್ಟೆಯನ್ನು ದಪ್ಪ ಟವೆಲ್ಲಿನ ಮೇಲೆ ಮುಖ ಕೆಳಗಾಗಿ ಹರಡಿ ಹಿಂಬದಿಯಿಂದಲೇ ಇಸ್ತ್ರಿ ಮಾಡಿದರೆ, ಉಬ್ಬಿದ ಹೊಲಿಗೆಗಳು ಟವೆಲ್ಲಿನೊಳಗೆ ಇಳಿದು ಚಪ್ಪಟೆಯಾಗದೆ ಉಳಿಯುತ್ತವೆ.