ಫೀಸ್ ರಸೀದಿ ಕೊಟ್ಟು ಬಂದರೆ ಮುಗಿಯಲಿಲ್ಲ: ‘ಆಡಿಟರ್’ ತುಂಬಿದ ರಿಟರ್ನನ್ನು ಪೋಷಕರು ಪರಿಶೀಲಿಸುವುದು ಹೇಗೆ?

ಮಕ್ಕಳ ಸ್ಕೂಲ್ ಫೀಸ್ ರಸೀದಿ, ಎಲ್‌ಐಸಿ ಚೀಟಿ, ಫಾರ್ಮ್ 16, ಪಾಸ್‌ಬುಕ್ ಜೆರಾಕ್ಸ್ ಎಲ್ಲವನ್ನೂ ಒಂದು ಕವರಿಗೆ ಹಾಕಿ ಕೊಟ್ಟಾಯಿತು. ಕೇಳಿದಷ್ಟು ದುಡ್ಡೂ ಕೊಟ್ಟಾಯಿತು. ‘ಫೈಲ್ ಆಗಿದೆ ಸರ್’ ಎಂಬ ಮೆಸೇಜು, ಜೊತೆಗೊಂದು ಪುಟದ ಪಿಡಿಎಫ್ ಬಂತು. ಆಮೇಲೆ ತಿಂಗಳುಗಟ್ಟಲೆ ಕಾದರೂ ರೀಫಂಡ್ ಇಲ್ಲ. ಬಂದದ್ದು ತೆರಿಗೆ ಬಾಕಿಯ ನೋಟಿಸು. ಕೇಳೋಣವೆಂದರೆ ಅತ್ತ ಫೋನ್ ಎತ್ತುವವರಿಲ್ಲ.

ನಮ್ಮಲ್ಲಿ ರಿಟರ್ನ್ ತುಂಬಿಕೊಡುವವರೆಲ್ಲ ‘ಆಡಿಟರ್’ಗಳೇ. ಅವರು ಚಾರ್ಟರ್ಡ್ ಅಕೌಂಟೆಂಟ್ ಇರಬಹುದು, ತೆರಿಗೆ ಸಲಹೆಗಾರರಿರಬಹುದು, ಸೈಬರ್ ಸೆಂಟರಿನ ಹುಡುಗ ಇರಬಹುದು, ಮೊಬೈಲಿನ ಆ್ಯಪ್ ಕೂಡ ಆಗಿರಬಹುದು. ಯಾರು ತುಂಬಿದರೂ ಕೊನೆಯಲ್ಲಿರುವ ‘ಮೇಲಿನ ವಿವರ ಸತ್ಯ’ ಎಂಬ ಘೋಷಣೆ ಮಾತ್ರ ಪ್ಯಾನ್ ಯಾರದೋ ಅವರದ್ದು. ನೋಟಿಸ್ ಬರುವುದೂ ಅವರ ಹೆಸರಿಗೇ. ಹಾಗಾಗಿ ತುಂಬುವ ಕೆಲಸ ಬೇರೆಯವರಿಗೆ ಕೊಟ್ಟರೂ ನೋಡುವ ಕೆಲಸ ನಿಮ್ಮಲ್ಲೇ ಉಳಿಯಬೇಕು. ಅದಕ್ಕೆ ಅರ್ಧ ಗಂಟೆ ಸಾಕು.

ಇಲ್ಲಿರುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025-26ರ ಆರ್ಥಿಕ ವರ್ಷದವರೆಗಿನ ಆದಾಯಕ್ಕೆ ಅನ್ವಯಿಸುವುದು ಆ ಕಾಯ್ದೆಯೇ. 2025ರ ಹೊಸ ಕಾಯ್ದೆ ಜಾರಿಗೆ ಬರುವುದು 2026ರ ಏಪ್ರಿಲ್ 1ರಿಂದ.

ಮೊದಲು ಲಾಗಿನ್

ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯೇ ಯೂಸರ್ ಐಡಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ, ಆಧಾರ್ ಒಟಿಪಿ ಬಳಸಿ ಹೊಸದು ಮಾಡಿಕೊಳ್ಳಿ. ಒಳಗೆ ಹೋದವರು ಮೊದಲು ‘ಮೈ ಪ್ರೊಫೈಲ್’ ತೆರೆದು ಅಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಯಾರದೆಂದು ನೋಡಿ. ನೋಟಿಸ್ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬನೇ ನೂರಾರು ಜನರ ರಿಟರ್ನ್ ತುಂಬುವಾಗ ತನ್ನದೇ ಇಮೇಲ್ ಹಾಕಿರುತ್ತಾನೆ, ಸೀಸನ್ ಮುಗಿದ ಮೇಲೆ ಅದನ್ನು ತೆರೆಯುವುದೇ ಇಲ್ಲ. ಸುಳ್ಳು ವಿನಾಯಿತಿಗಳ ವಿರುದ್ಧ 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಪರಿಶೀಲನೆ ನಡೆಸಿತು. ರಾಶಿ ರಾಶಿ ರಿಟರ್ನ್ ತುಂಬಲೆಂದೇ ಕೆಲವರು ತಾತ್ಕಾಲಿಕ ಇಮೇಲ್ ಐಡಿ ಮಾಡಿಕೊಂಡು ನಂತರ ಕೈಬಿಡುತ್ತಿದ್ದರು, ಅದರಿಂದ ನೋಟಿಸುಗಳನ್ನು ಯಾರೂ ಓದುತ್ತಿರಲಿಲ್ಲ ಎಂದು ಆಗ ಅದು ಹೇಳಿತ್ತು.

ಮೊಬೈಲ್, ಇಮೇಲ್ ಎರಡನ್ನೂ ನಿಮ್ಮದಕ್ಕೆ ಬದಲಿಸಿ. ರೀಫಂಡ್ ಬರುವ ಬ್ಯಾಂಕ್ ಖಾತೆ ನಿಮ್ಮದೇ ತಾನೆ, ಅದು ‘ವ್ಯಾಲಿಡೇಟೆಡ್’ ಎಂದು ತೋರಿಸುತ್ತಿದೆಯೇ ಎಂದೂ ನೋಡಿಕೊಳ್ಳಿ.

ಹಳೆ ಪದ್ಧತಿಯೋ, ಹೊಸದೋ?

‘ಫೀಸ್ ರಸೀದಿ ಕೊಟ್ಟೆ, ತೆರಿಗೆ ಒಂದು ರೂಪಾಯಿಯೂ ಇಳಿಯಲಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇದು. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆ. ಅದರಲ್ಲಿ 80ಸಿ ಇಲ್ಲ. ಅಂದರೆ ಸ್ಕೂಲ್ ಫೀಸ್, ಎಲ್‌ಐಸಿ, ಸುಕನ್ಯಾ ಸಮೃದ್ಧಿ ಯಾವುದಕ್ಕೂ ಕಡಿತವಿಲ್ಲ. ಆರೋಗ್ಯ ವಿಮೆಯ 80ಡಿ, ಶಿಕ್ಷಣ ಸಾಲದ ಬಡ್ಡಿಯ 80ಇ ಕೂಡ ಸಿಗುವುದಿಲ್ಲ.

ಹಾಗಂತ ಹಳೆ ಪದ್ಧತಿಯೇ ಬೇಕೆಂದು ಹಟ ಹಿಡಿಯುವ ಮುನ್ನ ಲೆಕ್ಕ ಹಾಕಿ. 2025-26ರಲ್ಲಿ 11 ಲಕ್ಷ ರೂ. ಸಂಬಳ, ಬೇರೆ ಆದಾಯವಿಲ್ಲ ಎಂದುಕೊಳ್ಳೋಣ. ಹೊಸ ಪದ್ಧತಿಯಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10.25 ಲಕ್ಷ. 12 ಲಕ್ಷದವರೆಗೆ 87ಎ ರಿಬೇಟ್ (ತೆರಿಗೆ ಮನ್ನಾ) ಇರುವುದರಿಂದ ತೆರಿಗೆ ಸೊನ್ನೆ. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಪೂರ್ತಿ 1.5 ಲಕ್ಷ ಕಳೆದರೂ 9 ಲಕ್ಷ ಉಳಿಯುತ್ತದೆ. ಸೆಸ್ ಸೇರಿ 96,200 ರೂ. ತೆರಿಗೆ. ಇಂಥವರ ರಸೀದಿಗಳನ್ನು ‘ಉಪಯೋಗಿಸಿಕೊಟ್ಟ’ ಆಡಿಟರ್ ಉಪಕಾರ ಮಾಡಿದಂತಾಗಲಿಲ್ಲ. ಸಂಬಳ ಇನ್ನೂ ಹೆಚ್ಚಿದ್ದು, ಮನೆ ಬಾಡಿಗೆ ಭತ್ಯೆ ಮತ್ತು ಗೃಹಸಾಲದ ಬಡ್ಡಿ ಎರಡೂ ದೊಡ್ಡ ಮೊತ್ತವಾಗಿದ್ದರೆ ಲೆಕ್ಕ ತಿರುಗಬಹುದು. ಆದ್ದರಿಂದ ಎರಡೂ ಪದ್ಧತಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರ ಬಳಿ ಕೆಲಸ ಕೊಡದಿರುವುದೇ ಒಳ್ಳೆಯದು.

ಗಡುವನ್ನೂ ಗಮನಿಸಿ. ಸಂಬಳದಾರರು ಹಳೆ ಪದ್ಧತಿಯನ್ನು ಆರಿಸಿಕೊಳ್ಳಬೇಕಾದರೆ ಕೊನೆಯ ದಿನಾಂಕದೊಳಗೆ ಸಲ್ಲಿಸುವ ರಿಟರ್ನಿನಲ್ಲೇ ಆರಿಸಬೇಕು. ಆಡಿಟರ್ ತಡ ಮಾಡಿದರೆ 5,000 ರೂ. ತಡಶುಲ್ಕದ ಜೊತೆಗೆ (ಒಟ್ಟು ಆದಾಯ 5 ಲಕ್ಷ ದಾಟದಿದ್ದರೆ 1,000) ಆ ಆಯ್ಕೆಯೂ ಹೋಯಿತು.

ಫೀಸ್ ರಸೀದಿಯನ್ನು ಸಾಲು ಸಾಲಾಗಿ ಓದಿ

ಹಳೆ ಪದ್ಧತಿ ಆರಿಸಿದವರಿಗೆ ಈ ಭಾಗ. ಒಂದು ರಸೀದಿ ಹೀಗಿದೆ ಎಂದುಕೊಳ್ಳಿ: ಬೋಧನಾ ಶುಲ್ಕ 48,000, ಅಭಿವೃದ್ಧಿ ಶುಲ್ಕ 15,000, ಸ್ಕೂಲ್ ವ್ಯಾನ್ 18,000, ಪುಸ್ತಕ-ಯೂನಿಫಾರ್ಮ್ 14,000. ಕೆಳಗೆ ದಪ್ಪ ಅಕ್ಷರದಲ್ಲಿ ಒಟ್ಟು 95,000. ಅವಸರದಲ್ಲಿರುವವರು ಬರೆದುಕೊಳ್ಳುವುದು ಆ ಕೊನೆಯ ಸಂಖ್ಯೆಯನ್ನೇ. 80ಸಿಗೆ ಸಲ್ಲುವುದು ಮೇಲಿನ 48,000 ಮಾತ್ರ. ಡೊನೇಶನ್, ಅಭಿವೃದ್ಧಿ ಶುಲ್ಕ, ವ್ಯಾನು, ಪುಸ್ತಕ ಯಾವುದೂ ಬರುವುದಿಲ್ಲ. ಮನೆಪಾಠ, ಕೋಚಿಂಗ್ ಸೆಂಟರಿನ ಫೀಸೂ ಇಲ್ಲ. ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯದ ಪೂರ್ಣಾವಧಿ ಶಿಕ್ಷಣದ ಬೋಧನಾ ಶುಲ್ಕವೇ ಆಗಬೇಕು. ನರ್ಸರಿ ಮಕ್ಕಳ ಶುಲ್ಕ ಸೇರುತ್ತದೆ.

ಈ ಪೋಷಕರಿಗೆ ಪಿಎಫ್ 62,000, ಎಲ್‌ಐಸಿ 24,000 ಇದ್ದರೆ ಸರಿಯಾದ ಮೊತ್ತ 1,34,000. ಒಟ್ಟು ಫೀಸನ್ನೇ ಬರೆದವರು ಮಿತಿಯಾದ 1,50,000ಕ್ಕೆ ತಂದು ನಿಲ್ಲಿಸುತ್ತಾರೆ. 16,000 ಹೆಚ್ಚುವರಿ, 20% ದರದವರಿಗೆ ಸೆಸ್ ಸೇರಿ 3,328 ರೂ. ‘ಉಳಿತಾಯ’. ಸಣ್ಣ ಮೊತ್ತವೇ. ಆದರೆ ಆದಾಯ ಕಡಿಮೆ ತೋರಿಸಿದ್ದಕ್ಕೆ 270ಎ ಅಡಿ ತೆರಿಗೆಯ 50% ದಂಡ, ಸುಳ್ಳು ಮಾಹಿತಿ ಕೊಟ್ಟಿದ್ದರೆ 200%.

ಒಬ್ಬ ತೆರಿಗೆದಾರರಿಗೆ ಇಬ್ಬರು ಮಕ್ಕಳ ಶುಲ್ಕ ಮಾತ್ರ. ಅಪ್ಪ, ಅಮ್ಮ ಇಬ್ಬರೂ ರಿಟರ್ನ್ ಹಾಕುವವರಾದರೆ ತಾವು ತಾವು ಕಟ್ಟಿದ್ದನ್ನು ತಮ್ಮ ತಮ್ಮ ರಿಟರ್ನಿನಲ್ಲಿ ಕೇಳಬಹುದು. ಒಂದೇ ರಸೀದಿ ಎರಡೂ ಕಡೆ ಹೋಗಬಾರದು. ಒಂದೇ ಆಡಿಟರ್ ಇಬ್ಬರದ್ದನ್ನೂ ತುಂಬುವಾಗ ಈ ತಪ್ಪಾಗುವುದು ಹೆಚ್ಚು.

ಶಿಕ್ಷಣ ಸಾಲವಿದ್ದರೆ ಬ್ಯಾಂಕಿನ ಪ್ರಮಾಣಪತ್ರದಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಬೇರೆ ಬೇರೆ ನೋಡಿ. 80ಇಗೆ ಬಡ್ಡಿ ಮಾತ್ರ, ಅದೂ ಎಂಟು ವರ್ಷದವರೆಗೆ. ಕಂತಿನ ಪೂರ್ತಿ ಮೊತ್ತ ಬರೆದಿದ್ದರೆ ತಿದ್ದಿಸಿ.

ಮಗುವಿನ ಹೆಸರಿನ ಎಫ್‌ಡಿ

ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ಅಜ್ಜಿ ಮೊಮ್ಮಗನ ಹೆಸರಿನಲ್ಲಿ 8 ಲಕ್ಷ ಎಫ್‌ಡಿ ಇಟ್ಟಿದ್ದಾರೆ, ಬಡ್ಡಿ 7% ಎಂದರೆ ವರ್ಷಕ್ಕೆ 56,000. ಬ್ಯಾಂಕ್ 10% ಹಿಡಿದು 5,600 ರೂ. ಟಿಡಿಎಸ್ ಅನ್ನು (ಮೂಲದಲ್ಲೇ ಹಿಡಿದ ತೆರಿಗೆ) ಮಗುವಿನ ಪ್ಯಾನ್‌ಗೆ ಜಮಾ ಮಾಡಿದೆ. ಈ ಬಡ್ಡಿ ಅಪ್ಪ-ಅಮ್ಮನ ಎಐಎಸ್‌ನಲ್ಲಿ (ಇಲಾಖೆಯ ಬಳಿ ಇರುವ ವಾರ್ಷಿಕ ಮಾಹಿತಿ ಪಟ್ಟಿ) ಕಾಣುವುದಿಲ್ಲ, ಆದ್ದರಿಂದ ಆಡಿಟರ್ ಕಣ್ಣಿಗೂ ಬೀಳುವುದಿಲ್ಲ. ಇಲ್ಲವೇ ‘ಮಗುವಿನ ಆದಾಯ ಮಿತಿಯೊಳಗಿದೆ, ಅವನ ಹೆಸರಲ್ಲೇ ರಿಟರ್ನ್ ಹಾಕಿ 5,600 ವಾಪಸ್ ತೆಗೆಸಿಕೊಡುತ್ತೇನೆ’ ಎನ್ನುತ್ತಾರೆ. ಎರಡೂ ತಪ್ಪು.

64(1ಎ) ಪ್ರಕಾರ 18 ತುಂಬದ ಮಗುವಿನ ಇಂಥ ಆದಾಯ, ಅಪ್ಪ-ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ಹಳೆ ಪದ್ಧತಿಯಲ್ಲಿ ಮಗುವಿಗೆ 1,500 ರೂ. ವಿನಾಯಿತಿ ಕಳೆದು 54,500; ಹೊಸದರಲ್ಲಿ ಆ ವಿನಾಯಿತಿಯೂ ಇಲ್ಲ. ಮಗು ತನ್ನ ದುಡಿಮೆ ಅಥವಾ ಪ್ರತಿಭೆಯಿಂದ ಗಳಿಸಿದ್ದು ಹೀಗೆ ಸೇರುವುದಿಲ್ಲ. ಉದಾಹರಣೆಗೆ ಸಂಗೀತ ಸ್ಪರ್ಧೆಯ ಬಹುಮಾನ. ಸೆಕ್ಷನ್ 80ಯುನಲ್ಲಿ ಹೇಳಿರುವ ಅಂಗವೈಕಲ್ಯವಿರುವ ಮಗುವಿನ ಆದಾಯವೂ ಸೇರುವುದಿಲ್ಲ.

ಟಿಡಿಎಸ್ ಮಗುವಿನ ಪ್ಯಾನ್‌ನಲ್ಲಿದ್ದರೆ ಐಟಿಆರ್-1 ನಡೆಯದು, ಐಟಿಆರ್-2 ಬೇಕು. ಅದರ ‘ಷೆಡ್ಯೂಲ್ ಎಸ್‌ಪಿಐ’ನಲ್ಲಿ ಮಗುವಿನ ಆದಾಯ, ಟಿಡಿಎಸ್ ಷೆಡ್ಯೂಲಿನಲ್ಲಿ ಮಗುವಿನ ಪ್ಯಾನ್ ಬರೆಯಬೇಕು. ಆಗ 5,600 ನಿಮ್ಮ ತೆರಿಗೆಗೆ ವಜಾ ಆಗುತ್ತದೆ. ಬಡ್ಡಿ ಯಾರ ಆದಾಯಕ್ಕೆ ಸೇರುತ್ತದೆಂದು ಮೊದಲೇ ಬ್ಯಾಂಕಿಗೆ ಬರೆದುಕೊಟ್ಟರೆ ಟಿಡಿಎಸ್ ನೇರವಾಗಿ ನಿಮ್ಮ ಪ್ಯಾನ್‌ಗೇ ಬರುತ್ತದೆ.

ಸಲ್ಲಿಸುವ ಮುನ್ನ, ಸಲ್ಲಿಸಿದ ಮೇಲೆ

ಸಲ್ಲಿಕೆಗೆ ಮುನ್ನ ‘ಪ್ರಿವ್ಯೂ’ ಪಿಡಿಎಫ್ ಕೇಳಿ. ಒಂದು ಪುಟದ ಅಕ್ನಾಲೆಡ್ಜ್‌ಮೆಂಟಿನಲ್ಲಿ ಯಾವ ಕಡಿತ ಎಷ್ಟೆಂಬ ವಿವರ ಇರುವುದಿಲ್ಲ. ಪೂರ್ತಿ ಫಾರಂ ಬೇಕು. ನೀವು ಕಾಗದ ಕೊಡದ ಯಾವುದಾದರೂ ಕಡಿತ ಅಲ್ಲಿದೆಯೇ ನೋಡಿ. ರಾಜಕೀಯ ಪಕ್ಷಕ್ಕೆ ದೇಣಿಗೆಯ 80ಜಿಜಿಸಿ, ಗಂಭೀರ ಕಾಯಿಲೆಯ 80ಡಿಡಿಬಿ, ಇಲ್ಲದ ಮನೆ ಬಾಡಿಗೆ ಇವು ಹೆಚ್ಚಾಗಿ ತಲೆಹಾಕುತ್ತವೆ. ರೀಫಂಡಿನಲ್ಲಿ ಶೇಕಡಾವಾರು ಪಾಲು ಕೇಳುವವರ ರಿಟರ್ನಿನಲ್ಲಂತೂ ತಪ್ಪದೆ ಹುಡುಕಿ.

ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಆಗಬೇಕು. ಆಧಾರ್ ಒಟಿಪಿ ಬಂದಾಗ ಫೋನಿನಲ್ಲಿ ಓದಿ ಹೇಳುವ ಬದಲು ನೀವೇ ಲಾಗಿನ್ ಆಗಿ ಮುಗಿಸಿ. ಆಗದಿದ್ದರೆ ಐಟಿಆರ್-ವಿ ಪುಟಕ್ಕೆ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಬೆಂಗಳೂರು 560500ರ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ (ಸಿಪಿಸಿ) ಕಳಿಸಬಹುದು. ‘ಫೈಲ್ ಆಗಿದೆ’ ಎಂದವರು ಈ ಹೆಜ್ಜೆ ಬಿಟ್ಟಿದ್ದರೆ ರೀಫಂಡ್ ಎಷ್ಟು ಕಾದರೂ ಬರುವುದಿಲ್ಲ.

ಕೆಲ ವಾರದ ಮೇಲೆ ಸಿಪಿಸಿಯಿಂದ 143(1) ಇಂಟಿಮೇಷನ್ ಬರುತ್ತದೆ. ಪಿಡಿಎಫ್ ತೆರೆಯಲು ಪ್ಯಾನ್ ಅನ್ನು ಸಣ್ಣ ಅಕ್ಷರದಲ್ಲಿ ಬರೆದು ಅದರ ಮುಂದೆ ಹುಟ್ಟಿದ ತಾರೀಖು ಸೇರಿಸಿ. 1984ರ ಮೇ 7 ಆದರೆ 07051984. ಒಳಗೆ ಎರಡು ಕಾಲಂ: ನೀವು ಹೇಳಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಎಲ್ಲಿ ಎರಡು ಸಂಖ್ಯೆ ಬೇರೆಯಾಯಿತೋ ತಪ್ಪು ಅಲ್ಲಿದೆ.

ತಪ್ಪಾಗಿಹೋಗಿದ್ದರೆ

ಸಿಪಿಸಿ ಲೆಕ್ಕವೇ ತಪ್ಪಿದ್ದರೆ ಪೋರ್ಟಲ್‌ನಲ್ಲಿ ‘ರೆಕ್ಟಿಫಿಕೇಷನ್’ ಕೋರಿಕೆ ಹಾಕಿ. ರಿಟರ್ನ್ ತಪ್ಪಿದ್ದರೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ. 2025-26ರ ಅಸೆಸ್‌ಮೆಂಟ್ ವರ್ಷಕ್ಕೆ (ಅಂದರೆ 2024-25ರ ಆದಾಯಕ್ಕೆ) ಆ ಗಡುವು 2025ರ ಡಿಸೆಂಬರ್ 31 ಆಗಿತ್ತು. ಅದು ಮುಗಿದ ಮೇಲೆ ಉಳಿಯುವ ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ಒಂದೇ ದಿಕ್ಕಿಗೆ ನಡೆಯುತ್ತದೆ: ತೆರಿಗೆ ಹೆಚ್ಚು ಕಟ್ಟಲು ಮಾತ್ರ. ಬಿಟ್ಟುಹೋದ ಕಡಿತ ಪಡೆಯಲು, ರೀಫಂಡ್ ಹೆಚ್ಚಿಸಿಕೊಳ್ಳಲು ಅದು ಬರುವುದಿಲ್ಲ. ಅಸೆಸ್‌ಮೆಂಟ್ ವರ್ಷ ಮುಗಿದು 48 ತಿಂಗಳವರೆಗೆ ಅವಕಾಶವಿದೆ. ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ 25%, ಆಮೇಲೆ 50, 60, 70% ಹೆಚ್ಚುವರಿ. ಆಡಿಟರ್ ಹಾಕಿದ ಸುಳ್ಳು ಕಡಿತ ಈಗ ಕಣ್ಣಿಗೆ ಬಿದ್ದಿದ್ದರೆ, ನೋಟಿಸ್ ಬರುವವರೆಗೆ ಕಾಯದೆ ಬೇಗ ಹಿಂತೆಗೆದುಕೊಳ್ಳಿ. ಹಾಗೆ ಸುಮಾರು 40,000 ಜನ ನಾಲ್ಕು ತಿಂಗಳಲ್ಲಿ 1,045 ಕೋಟಿ ರೂ. ಸುಳ್ಳು ಕ್ಲೇಮುಗಳನ್ನು ತಾವಾಗಿಯೇ ಹಿಂತೆಗೆದುಕೊಂಡರೆಂದು ಇಲಾಖೆ 2025ರ ಜುಲೈನಲ್ಲಿ ತಿಳಿಸಿತ್ತು.

ದೂರು ಕೊಡುವುದಾದರೆ, ತುಂಬಿದವರು ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದಲ್ಲಿ ಅವರ ಸಂಸ್ಥೆಯಾದ ಐಸಿಎಐನ ಶಿಸ್ತು ನಿರ್ದೇಶನಾಲಯಕ್ಕೆ. ಯಾರೇ ಆಗಿದ್ದರೂ, ದುಡ್ಡು ಪಡೆದು ಕೊಟ್ಟ ಸೇವೆಯಲ್ಲಿ ಲೋಪವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮೆಸೇಜು, ನೀವು ಕೊಟ್ಟ ಕಾಗದಗಳ ಪ್ರತಿ, ಸಲ್ಲಿಕೆಯಾದ ಫಾರಂ, ಇಂಟಿಮೇಷನ್ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ದೂರು ಇತ್ಯರ್ಥವಾಗುವವರೆಗೆ ತೆರಿಗೆ ನಿಲ್ಲಿಸಬೇಡಿ. ಬಾಕಿಯ ಮೇಲಿನ ಬಡ್ಡಿ ಏರುತ್ತಲೇ ಇರುತ್ತದೆ.