ಸ್ಪ್ಲೆಂಡರ್ ಮ್ಯಾಲ ಒಬ್ಬನೇ ಲಡಾಖ್: ಒಂದು ಹಲ್ಲು ಕಮ್ಮಿ ಮಾಡಿದ್ದು ಹೆಂಗ ಕೆಲಸಕ್ಕ ಬಂತು

ನೂರು ಸಿಸಿ ಗಾಡಿ ಲಡಾಖ್‌ನ ಚಾಂಗ್ ಲಾ ಘಾಟ ಹತ್ತಂಗಿಲ್ಲ ಅಂತ ನಮ್ಮ ಕಲಬುರಗ್ಯಾಗ ಎಷ್ಟು ಮಂದಿ ಹೇಳಿದ್ರೋ ಲೆಕ್ಕ ಇಲ್ಲ. ನಮ್ಮ ಗ್ಯಾರೇಜ್ ಕಾಕಾ ಅಂತೂ "ತಮ್ಮಾ, ನೀ ನೂಕ್ಕೊಂತ ಹೋಗಾಂವ, ಕುಂತು ಹೋಗಾಂವಲ್ಲ" ಅಂದಿದ್ದ. ಹತ್ತೀತ್ರಿ. 2012ರ ಕಾರ್ಬುರೇಟರ್ ಸ್ಪ್ಲೆಂಡರ್, ಹಿಂದ ಇಪ್ಪತ್ತೈದು ಕಿಲೋ ಸಾಮಾನು, 5,300 ಮೀಟರ್ ಮ್ಯಾಲ, ಒಂದ್ಸಲಾನೂ ಇಳದು ನೂಕಿಲ್ಲ.

ಅಷ್ಟು ಎತ್ತರದಾಗ ಗಾಳಿ ಅರ್ಧಕ್ಕ ಬರ್ತದ, ಕಾರ್ಬುರೇಟರ್‌ಗ ಅದೇನು ಗೊತ್ತು, ಪೆಟ್ರೋಲ್ ಮಾತ್ರ ಅಷ್ಟು ಕಮ್ಮಿ ಮಾಡಂಗಿಲ್ಲ, ಪ್ಲಗ್ ಕರ್ರಗಾಗಿ ಗಾಡಿ ಕೆಮ್ಮಲಕತ್ತದ. ಭಾಳ ಮಂದಿ ಏರ್ ಫಿಲ್ಟರ್ ತಗದು ಓಡಸ್ರಿ ಅಂತಾರ. ಅದನ್ನೂ ಊರಾಗ ಮಾಡಿ ನೋಡಿದ್ದೆ, ಒಂದೇ ವಾರದಾಗ ಕಾರ್ಬುರೇಟರ್ ತುಂಬ ಧೂಳು, ಬಿಚ್ಚಿ ತೊಳೀಲಕ್ಕೇ ಮುನ್ನೂರು ಹೋತು. ನಾ ಮಾಡಿದ್ದು ಬ್ಯಾರೆ. ಮುಂದಿನ ಸ್ಪ್ರಾಕೆಟ್, ಅಂದ್ರ ಚೈನ್ ತಿರುಗಸೋ ಹಲ್ಲಿನ ಚಕ್ರ, ಒಂದು ಹಲ್ಲು ಕಮ್ಮಿದು ಹಾಕ್ದೆ, ಸ್ಪೀಡ್ ಕಮ್ಮಿ ಆದ್ರೂ ಎಳಿಯೋ ಶಕ್ತಿ ಹೆಚ್ಚಾಗ್ತದ. ಕಾರ್ಬುರೇಟರ್‌ದಾಗ ಪೆಟ್ರೋಲ್ ಬಿಡೋ ತೂತಿನ ಮೇನ್ ಜೆಟ್ ಸಣ್ಣದು ಹಾಕ್ದೆ. ಜೆಟ್ ಯಾವ ನಂಬರ್ ಅಂತ ಮಾತ್ರ ಇಲ್ಲಿ ಹೇಳಂಗಿಲ್ಲ, ಅದರ ಹಿಂದ ನಾಕೈದು ಸಾವಿರ ಸುಟ್ಟೀನಿ, ನೀವೂ ಒಂಚೂರು ಸುಡ್ರಿ.

ಟೆಸ್ಟ್ ಮಾಡಬೇಕಂದ್ರ ನಮ್ಮ ಕಡೆ ಗುಡ್ಡ ಎಲ್ಲದರಿ? ಎತ್ತರ ಇಲ್ಲಂದ್ರ ಭಾರ ಹೇರೋದು ಅಂತ ಹಿಂದ ಎರಡು ತೊಗರಿ ಚೀಲ ಕಟ್ಟಿ ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಏರಿಗೆ ಹೋದೆ. ಹಳೆ ಸ್ಪ್ರಾಕೆಟ್‌ದಾಗ ಫಸ್ಟ್ ಗೇರಿನ್ಯಾಗೂ ನಡಗಿ ಬಂದ್ ಬಿತ್ತು, ಹೊಸಾದ್ರಾಗ ಗುರ್ ಅಂತ ಏರ್ತು. ರಸ್ತೆದಾಗ ಒಬ್ಬ ಮುದುಕ "ಮಾರ್ಕೆಟ್ ಆ ಕಡೆ ಅದಲ್ಲೋ" ಅಂತ ಕಲಬುರಗಿ ದಿಕ್ಕ ತೋರಿಸಿದ.

ಬಯಲುನಾಡಿನಾಗ ಆ ಸ್ಪ್ರಾಕೆಟ್ ಉಪಯೋಗಿಲ್ಲ, ಇಂಜಿನ್ ಸುಮ್ನ ಒದರ್ತದ. ಹಂಗಾಗಿ ಹೊಸಾ ಸ್ಪ್ರಾಕೆಟ್ ಚೀಲದಾಗ ಇಟ್ಕೊಂಡು ನಾಗಪುರ, ಝಾನ್ಸಿ ಮ್ಯಾಲ ಹಳೇದರಾಗೇ ಹೋದೆ, ಜೂನ್ ಬಿಸಲು, ನಸುಕಿನಾಗ ನಾಕಕ್ಕ ಎದ್ದು ಹತ್ತು ಹನ್ನೊಂದರ ತನಕ ಅಷ್ಟೇ ಓಡಸೋದು. ಜಮ್ಮುದಾಗ ಒಬ್ಬ ಮೆಕ್ಯಾನಿಕ್ ಸ್ಪ್ರಾಕೆಟ್ ಬದಲ್ಸಲಕ್ಕ ಆರುನೂರು ಕೇಳ್ದ, ಬ್ಯಾಡಪ್ಪಾ ಅಂದು ಲಾಡ್ಜ್ ಮುಂದ ಕುಂತು ನಾನೇ ಅರ್ಧ ತಾಸಿನ್ಯಾಗ ಮಾಡ್ಕೊಂಡೆ. ಶ್ರೀನಗರ, ಕಾರ್ಗಿಲ್ ಕಡಿಂದ ಹೋಗೋದು ಛಲೋ, ಎತ್ತರ ಸಾವಕಾಶ ಏರ್ತದ, ಮನಾಲಿ ಕಡಿಂದ ಹೋದವ್ರು ದಾರ್ಯಾಗಿನ ಎತ್ತರದ ತಂಗುದಾಣ ಸರ್ಚುದಾಗ ತಲಿ ಹಿಡ್ಕೊಂಡು ಕುಂದರ್ತಾರ. ಮತ್ತ ನಮ್ಮ ಕಡಿ ಪ್ರೀಪೇಯ್ಡ್ ಸಿಮ್ ಲಡಾಖ್‌ನಾಗ ನಡಿಯಂಗಿಲ್ಲ, ಪೋಸ್ಟ್‌ಪೇಯ್ಡ್ ಮಾಡಸ್ಕೋರಿ.

ಚಾಂಗ್ ಲಾ ಕಡೀ ಏಳೆಂಟು ಕಿಲೋಮೀಟರ್ ಫಸ್ಟ್ ಗೇರು, ಸ್ಪೀಡೋಮೀಟರ್ ಮುಳ್ಳು ಹತ್ತು ಹನ್ನೆರಡರ ಮ್ಯಾಲ ನಡಗ್ಲಕತ್ತಿತ್ತು. ಬಾಜೂದಾಗ ದೊಡ್ಡ ಗಾಡಿಯವ್ರು ಧೂಳ ಹಾರಿಸ್ಕೊಂತ ಹೋದ್ರು. ಆದ್ರ ಮ್ಯಾಲ ಚಾ ಕುಡಿಯೋ ಹೊತ್ತಿಗೆ ಅವರ ಪೈಕಿ ಇಬ್ಬರು ಪ್ಲಗ್ ಬಿಚ್ಚಿ ತಿಕ್ಕಲಕತ್ತಿದ್ರು, ನಂದು ಬಿಚ್ಚಿ ತೋರಿಸಿದೆ, ಬಿಸ್ಕಿಟ್ ಬಣ್ಣ, ಅಂದ್ರ ಪೆಟ್ರೋಲ್ ಸರಿಯಾಗಿ ಉರದದ! ಆಮ್ಯಾಲ ಪ್ಯಾಂಗಾಂಗ್ ಸರೋವರ. ನೀರಿನ ಬಣ್ಣ ನೀವೆಲ್ಲ ಫೋಟೋದಾಗ ನೋಡೀರಿ, ನಾ ಏನ್ ಬರೀಲಿ, ಬಾಯಿಗೆ ಹಾಕ್ಕೊಂಡ್ರ ಉಪ್ಪು.

ತ್ಸೋ ಮೊರಿರಿ ಸರೋವರದ ದಂಡಿ ಮ್ಯಾಲಿನ ಕೋರ್ಜೋಕ್ ಊರಾಗ ಒಂದು ಹುಚ್ಚು ಪ್ರಯೋಗ ಮಾಡ್ದೆ. ನಮ್ಮ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಊರ ಹೆಸರಿನ ಸರಕಾರಿ ಗುರುತು) ಸಿಕ್ಕದಲ್ರಿ, ಅದು 4,500 ಮೀಟರ್‌ದಾಗ ಬೇಯ್ತದೋ ಇಲ್ಲೋ ನೋಡಬೇಕಂತ ಅರ್ಧ ಕಿಲೋ ಒಯ್ದಿದ್ದೆ. ಅಲ್ಲಿ ನೀರು 85 ಡಿಗ್ರಿ ಹತ್ತಿರಾನೇ ಕುದೀತದ. ಬರೇ ಪಾತ್ರೆದಾಗ ತಾಸಿನ ಮ್ಯಾಲ ಕುದಿಸ್ದೆ, ಗ್ಯಾಸ್ ಡಬ್ಬಿ ಖಾಲಿ, ಬ್ಯಾಳಿ ಹಲ್ಲಿಗೆ ಕಲ್ಲು. ಹೋಮ್‌ಸ್ಟೇ ಆಮಾ-ಲೇ (ಲಡಾಖಿದಾಗ ಅವ್ವಾರು) ನಕ್ಕೊಂತ ತಮ್ಮ ಕುಕ್ಕರ್‌ದಾಗ ಹಾಕಿ ಏಳೆಂಟು ಸೀಟಿ ಹೊಡಿಸಿದ್ರು, ಆವಾಗ ಕರಗ್ತು. ಖಡಕ್ ರೊಟ್ಟಿ ಮಾತ್ರ ಎಲ್ಲೂ ಕೈ ಬಿಡಲಿಲ್ಲ, ಗಾಡಿ ಕುಲುಕಾಟಕ್ಕ ಪುಡಿಪುಡಿ ಆಗಿತ್ತು, ಅದನ್ನ ಬಿಸಿ ಸೂಪಿನ್ಯಾಗ ಸುರ್ಕೊಂಡು ಶೇಂಗಾ ಹಿಂಡಿ ಕಲಸಿದ್ರ ಊಟ ಆತು.

ಅಲ್ಲಿಂದ ತ್ಸೋ ಕಾರ್ ಸರೋವರದ ಕಡಿಂದ ಮನಾಲಿ ರಸ್ತೆಗೆ ಬಿದ್ದೆ. ಲೇಹ್ ಹತ್ರದ ಕಾರು ಅನ್ನೋ ಊರಾಗ ಟ್ಯಾಂಕ್ ತುಂಬಿಸಿದ್ರ ತ್ಸೋ ಮೊರಿರಿ ದಾರೀಲೆ ಹಿಮಾಚಲದ ತಾಂಡಿ ತನಕ ಐನೂರು ಕಿಲೋಮೀಟರ್ ಸುಮಾರು, ನಡುವ ಬಂಕ್ ನಂಬಬ್ಯಾಡ್ರಿ. ನಂದು ಗುಡ್ಡದಾಗೂ ಲೀಟರಿಗೆ ಐವತ್ತು ಕಿಲೋಮೀಟರ್ ಹತ್ತಿರ ಕೊಡ್ತು, ಐದು ಲೀಟರಿನ ಒಂದೇ ಕ್ಯಾನ್ ಸಾಕಾತು, ಅದರಾಗೂ ಉಳೀತು. ದೊಡ್ಡ ಗಾಡಿಯವ್ರು ಎರಡೆರಡು ಕಟ್ಟಿದ್ರು. ಬಾರಾಲಾಚಾ ಘಾಟ ಹತ್ರ ಹಳ್ಳ ದಾಟೋದು ಮುಂಜಾನಿ ಎಂಟರೊಳಗ ಮುಗಸ್ರಿ, ಮಧ್ಯಾಹ್ನ ಬಿಸಲಿಗೆ ಹಿಮ ಕರಗಿ ಮೊಣಕಾಲ ತನಕ ನೀರು ಬರ್ತದ, ಸಣ್ಣ ಗಾಡಿ ಸೈಲೆನ್ಸರ್ ಮುಳಗ್ತದ. ನಂದು ಮುಳಗಲಿಲ್ಲ, ಅದಕ್ಕ ಸೈಲೆನ್ಸರ್‌ಗ ಒಂದು ಸಣ್ಣ ಜುಗಾಡ್ ಮಾಡಿದ್ದೆ, ಅದೂ ಭೇಟಿ ಆದಾಗ ಹೇಳ್ತೀನಿ.

ಖರ್ಚು ನೆನಪಿದ್ದಷ್ಟು: ಪೆಟ್ರೋಲ್ ಹದಿಮೂರು ಸಾವಿರ, ಮಲಗೋದು ಒಂಬತ್ತು, ಊಟ ಮೂರು ಚಿಲ್ಲರೆ, ಸ್ಪ್ರಾಕೆಟ್ ಚೈನ್ ಎಲ್ಲಾ ಸೇರಿ ಎರಡರೊಳಗ, ಲಡಾಖ್‌ನಾಗ ಪರಿಸರ ಫೀ ಐದುನೂರರ ಸುಮಾರು. ವಿಮಾನದಾಗ ಹೋಗಿ ಲೇಹ್‌ದಾಗ ಗಾಡಿ ಬಾಡಿಗಿ ಹಿಡಿದ ನಮ್ಮ ದೋಸ್ತಗ ವಾರಕ್ಕೇ ನನ್ನ ಡಬಲ್ ಆಗ್ಯಾದ. ಚೈನ್ ಮಾತ್ರ ಪೂರಾ ಸವದು ಹೋಗ್ಯಾದ, ಮುಂದಿನ ಸಲ ಮನಾಲಿದಾಗೇ ಹೊಸಾದು ಹಾಕ್ಸಬೇಕು. ಕಾಕಾ ಈಗ ಆ ಸಣ್ಣ ಸ್ಪ್ರಾಕೆಟ್ ಅಂಗಡ್ಯಾಗ ತರಸಿ ಇಟ್ಟಾನ, ನನಗ ಕೇಳದನೇ.