ಮುರಿದ ವೈಸ್‌ಗೆ ವೆಲ್ಡಿಂಗ್: ಮೊದಲು ಕಿಡಿ ನೋಡಿ

ಬೆಂಚ್ ವೈಸ್ (ಕೆಲಸದ ವಸ್ತುವನ್ನು ಕಚ್ಚಿ ಹಿಡಿಯುವ ಸಾಧನ) ಬಿರುಕು ಬಿಟ್ಟರೆ ಸುಮ್ನೆ ಮಾಮೂಲಿ ವೆಲ್ಡಿಂಗ್ ರಾಡ್ ಹಚ್ಚಬೇಡಿ. ನಾನು ಒಮ್ಮೆ ಹಾಗೇ ಮಾಡಿದ್ದೆ. ತಣ್ಣಗಾಗುವಾಗ 'ಟಿಕ್' ಅಂತ ಸದ್ದು. ನೋಡಿದರೆ ವೆಲ್ಡ್ ಪಕ್ಕದಲ್ಲೇ ಹೊಸ ಸೀಳು!

ಹೆಚ್ಚಿನ ವೈಸ್‌ಗಳು ಬೀಡು ಕಬ್ಬಿಣದವು (ಕಾಸ್ಟ್ ಐರನ್). ಅನುಮಾನ ಇದ್ದರೆ ಗ್ರೈಂಡರ್ ತಾಗಿಸಿ. ಬೀಡಾದರೆ ಕಿಡಿ ಗಿಡ್ಡ, ಮಂಕು ಕೆಂಪು. ಉಕ್ಕಾದರೆ ಉದ್ದ, ಹಳದಿ ಬಿಳುಪು.

ಬೀಡಿಗೆ ನಿಕ್ಕಲ್ ರಾಡ್ ಬೇಕು. ದುಬಾರಿ, ಹಾಗಾಗಿ ಬಿಡಿಯಾಗಿ ಸಿಕ್ಕರೆ ಮೂರ್ನಾಲ್ಕು ತನ್ನಿ. ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಆಗ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಬಿರುಕನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ. ವರ್ಷಗಟ್ಟಲೆ ಎಣ್ಣೆ ಕುಡಿದ ಬೀಡು ಬಿಸಿ ಮಾಡಿದಾಗ ಬೆವರುತ್ತದೆ, ಹೊರಬಂದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ.

ಒಂದೇ ಸಲ ಉದ್ದಕ್ಕೆ ಎಳೆಯಬೇಡಿ. ಒಂದು ಇಂಚು ಹಾಕಿ, ಬಿಸಿ ಇರುವಾಗಲೇ ಗುಂಡು ತಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕೈ ಮುಟ್ಟುವಷ್ಟು ತಣಿದ ಮೇಲೆ ಮುಂದಿನ ಇಂಚು. ನೀರಂತೂ ಹಾಕಲೇಬೇಡಿ. ಕೊನೆಗೆ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ.

ಬೆಸೆದ ವೈಸ್ ಹಗುರ ಕೆಲಸಕ್ಕೆ ಮಾತ್ರ. ಹ್ಯಾಂಡಲ್‌ಗೆ ಪೈಪ್ ತೂರಿಸಿ ಬಿಗಿಯುವುದು ಬೇಡವೇ ಬೇಡ. ನನ್ನದು ಮುರಿದಿದ್ದೇ ಆ ಪೈಪಿನಿಂದ.